ಡಬ್ಬಿಯೊಳಗಿನ ಭಂಡಾರ

ಕಂಪ್ಯೂಟರಿನ ಡಬ್ಬಿ ಬಿಚ್ಚಿದ ಕೂಡಲೇ ನನ್ನ ಟೇಬಲ್ಲಿನ ಮೇಲೆ ಅರಿಶಿನದ ಪುಡಿ ಸುರಿಯಿತು. ಒಳಗಿನ ಫ್ಯಾನಿನ ರೆಕ್ಕೆಗಳಿಗೂ ಅದೇ ಹಳದಿ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಸೊಲ್ಲಾಪುರದಲ್ಲಿ ಇಷ್ಟು ವರ್ಷ ರಿಪೇರಿ ಅಂಗಡಿ ನಡೆಸಿದರೂ ಇಂಥದ್ದನ್ನು ಕಂಡಿರಲಿಲ್ಲ.

“ಬೀರಪ್ಪ ದೇವರ ಭಂಡಾರ ರೀ. ನಮ್ಮನಿಯವರು ಹಾಡಿದ ಡೊಳ್ಳಿನ ಪದ ಇದರಾಗ ಅದಾವು. ಅವರು ತೀರಿಕೊಂಡ ಮ್ಯಾಲ ದರ ಐತವಾರ ಪೂಜಿ ಮಾಡಿ ಹಾಕತಿದ್ನಿ,” ಎಂದಳು, ಅಕ್ಕಲಕೋಟದಿಂದ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದಿದ್ದ ಆ ಹೆಣ್ಣುಮಗಳು. ಆ ಪದಗಳು ಬೇರೆಲ್ಲೂ ಇರಲಿಲ್ಲ.

ಹಾರ್ಡ್ ಡಿಸ್ಕ್ ತೆಗೆದು ನನ್ನ ಕಂಪ್ಯೂಟರಿಗೆ ಜೋಡಿಸಿ ತಪಾಸಣೆಗೆ ಹಚ್ಚಿದೆ. ಪರದೆಯ ತುಂಬ ಕೆಂಪು ಚೌಕಗಳೇ, ಓದಲಾಗದ ಜಾಗಗಳು. ಸ್ವಲ್ಪ ಹೊತ್ತು ಟಕ್ ಟಕ್ ಎಂದು ಬಡಿದುಕೊಂಡ ಡಿಸ್ಕ್ ಆಮೇಲೆ ಸುಮ್ಮನಾಯಿತು. ಒಂದು ಪದವೂ ಉಳಿಯಲಿಲ್ಲ. ಭಂಡಾರ ತುಂಬಿ ಫ್ಯಾನ್ ನಿಂತು, ಗಾಳಿಯಾಡದೆ ಡಿಸ್ಕ್ ಕಾದು ಕಾದು ಸತ್ತಿತ್ತು.

“ನನ್ನ ಕಡಿಂದ ಏನರ ಚೂಕ ಆತೇನ್ರಿ, ಅಣ್ಣಾರ?”

“ಇಲ್ಲವ್ವಾ, ಡಿಸ್ಕ್ ಹಳೇದಾಗಿತ್ತು,” ಎಂದೆ.

ಆಕೆ ಕಣ್ಣೊರೆಸಿಕೊಂಡು ಸೆರಗಿನ ಗಂಟು ಬಿಚ್ಚಿದಳು. ಚಿಟಿಕೆ ಭಂಡಾರ ನನ್ನ ಹಣೆಗೆ ಹಚ್ಚಿದಳು. ಬೇಡ ಅನ್ನುವುದರೊಳಗೆ ಉಳಿದದ್ದನ್ನೆಲ್ಲ ನನ್ನ ಕಂಪ್ಯೂಟರಿನ ಮೇಲೆ ಸುರಿದು, “ಇದಾದ್ರೂ ಛಲೋ ಇರ್ಲಿ,” ಎಂದು ಕೈಮುಗಿದಳು.

ಆಕೆ ರಸ್ತೆ ದಾಟುವವರೆಗೆ ಅದನ್ನು ಒರೆಸಬಾರದು ಅಂದುಕೊಂಡಿದ್ದೆ. ಆಕೆ ದಾಟಿ ಹೋದಳು. ಫ್ಯಾನ್ ಆ ಹಳದಿಯನ್ನು ಮೆಲ್ಲಗೆ ಒಳಗೆಳೆದುಕೊಳ್ಳುತ್ತಿತ್ತು. ನನ್ನ ಕೈ ಏಳಲಿಲ್ಲ.