ಎಲ್ಲಾ ಕಂಪನಿಯ ಡ್ರೈವರ್‌ಗಳು ಸಿಗುತ್ತಾರೆ

ಮೋಹನಣ್ಣನವರ ಅಂಗಡಿಯ ಬೋರ್ಡಿನಲ್ಲಿ ಒಂದು ವ್ಯಾಕರಣದೋಷವಿತ್ತು. ತುಮಕೂರಿನ ಬಸ್ ನಿಲ್ದಾಣದ ಹಿಂದಿನ ಕಾಂಪ್ಲೆಕ್ಸಿನಲ್ಲಿ ಮಹಡಿಯ ಮೆಟ್ಟಿಲು ಹತ್ತಿದೊಡನೆ ಎದುರಾಗುತ್ತಿದ್ದ ಆ ಹಳದಿ ತಗಡಿನ ಮೇಲೆ ಕೆಂಪು ಅಕ್ಷರಗಳಲ್ಲಿ ಹೀಗೆ ಬರೆದಿತ್ತು: ‘ಕಂಪ್ಯೂಟರ್ ರಿಪೇರಿ. ಇಲ್ಲಿ ಎಲ್ಲಾ ಕಂಪನಿಯ ಡ್ರೈವರ್‌ಗಳು ಸಿಗುತ್ತಾರೆ.’

ಕಂಪ್ಯೂಟರಿನ ಒಳಗಿರುವ ಒಂದೊಂದು ಭಾಗವನ್ನೂ ಕಂಪ್ಯೂಟರಿಗೆ ಪರಿಚಯ ಮಾಡಿಸಿ ಕೆಲಸಕ್ಕೆ ಹಚ್ಚುವ ಪುಟ್ಟ ಸಾಫ್ಟ್‌ವೇರಿಗೆ ಡ್ರೈವರ್ ಎಂದು ಹೆಸರು. ಅದು ವಸ್ತು, ವ್ಯಕ್ತಿಯಲ್ಲ. ಆದ್ದರಿಂದ ‘ಸಿಗುತ್ತವೆ’ ಎಂದಿರಬೇಕಿತ್ತು. ಬೋರ್ಡ್ ಬರೆದಾತ ಯಾವ ಡ್ರೈವರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದನೋ ತಿಳಿಯದು. ಗುಬ್ಬಿಯ ಕಡೆಯಿಂದ ಕೊಬ್ಬರಿ ಲೋಡು ಕಳಿಸುವ ಲಾರಿ ಮಾಲೀಕರು ಕೆಲವೊಮ್ಮೆ ಏದುಸಿರು ಬಿಡುತ್ತ ಮೇಲೆ ಬಂದು, “ಒಬ್ಬ ಒಳ್ಳೆ ಡ್ರೈವರ್ ಬೇಕಿತ್ತಲ್ಲ ಸ್ವಾಮಿ, ಗಾಡಿ ಓಡಿಸ್ತಾ ತೂಕಡಿಸ್ದೆ ಇರೋನು” ಎಂದು ಕೇಳುತ್ತಿದ್ದುದುಂಟು. ಮೋಹನಣ್ಣ ಅವರನ್ನು ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ. ಮಹಡಿಯ ಕಟಕಟೆಯಿಂದ ಬಗ್ಗಿ, ಕೆಳಗಿನ ಟೀ ಅಂಗಡಿಯಲ್ಲಿ ಕುಳಿತ ಡ್ರೈವರ್‌ಗಳಲ್ಲಿ ತಮಗೆ ಗೊತ್ತಿದ್ದವನನ್ನು ಕೂಗಿ ಕರೆಯುತ್ತಿದ್ದರು. “ಬೋರ್ಡ್ ಹಾಕ್ಕಂಡ ಮೇಲೆ ಇಲ್ಲ ಅನ್ನಕಾಯ್ತದಾ?” ಎನ್ನುವುದು ಅವರ ವಾದ.

ಅವರು ಸಂಕೋಚದ ಮನುಷ್ಯರಾಗಿರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಒಂದು ಟೆಸ್ಟರ್, ಅದರ ಪಕ್ಕದಲ್ಲಿಯೇ ಒಂದು ಬಾಚಣಿಗೆ. ಯಂತ್ರವನ್ನು ಮುಟ್ಟುವ ಮೊದಲು ಕೈ ತೊಳೆಯುತ್ತಿದ್ದರು. ಅದು ಸರಿಹೋದ ಮೇಲೆ ತಲೆ ಬಾಚಿಕೊಳ್ಳುತ್ತಿದ್ದರು. ಬಾಚಣಿಗೆ ಹೊರಗೆ ಬಂದಿತೆಂದರೆ ಗಿರಾಕಿಗಳು ಎದ್ದು ನಿಂತು ಚಪ್ಪಲಿ ಹುಡುಕಿಕೊಳ್ಳಬಹುದಿತ್ತು. ಡಿಪ್ಲೊಮಾ ಓದಿ, ಕೆಲಕಾಲ ಟಿ.ವಿ. ರಿಪೇರಿ ಮಾಡಿ, ಆಮೇಲೆ ಕಂಪ್ಯೂಟರಿಗೆ ಬಂದವರೆಂದು ಅವರೇ ಹೇಳಿದ್ದರು. “ತುಮ್ಕೂರ್ನಾಗೆ ನಾನು ಬಿಚ್ಚದೆ ಇರೋ ಮಿಷನ್ ಯಾವ್ದೈತೆ ತೋರ್ಸಿ ನೋಡನ” ಎಂದು ಅವರು ಸವಾಲು ಹಾಕಿದರೆ ಯಾರೂ ತೋರಿಸಲು ಹೋಗುತ್ತಿರಲಿಲ್ಲ.

ನಾನು ಅವರನ್ನು ಮೊದಲು ಕಂಡದ್ದು ಎರಡು ಸಾವಿರದ ಏಳರಲ್ಲಿ, ಒಂದು ಶನಿವಾರ. ಆಗ ನಾನು ಗುಬ್ಬಿಯ ಕಾಲೇಜೊಂದರಲ್ಲಿ ಕನ್ನಡದ ತಾತ್ಕಾಲಿಕ ಉಪನ್ಯಾಸಕಿ. ನಮ್ಮ ಊರು ನಿಟ್ಟೂರಿನ ಬಳಿಯ ಒಂದು ಹಳ್ಳಿ; ನಮ್ಮ ಮನೆಯಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಪ್ರತಿ ಬೇಸಿಗೆಯಲ್ಲಿಯೂ ಕೆಲಸ ಮುಗಿಯುತ್ತಿತ್ತು; ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಎಂಬ ಚಿಂತೆಯಲ್ಲಿಯೇ ರಜೆ ಕಳೆಯುತ್ತಿತ್ತು. ಅಂತಹ ಹೊತ್ತಿನಲ್ಲಿ ಕುಣಿಗಲ್ಲಿನ ಒಂದು ಖಾಸಗಿ ಕಾಲೇಜಿನಿಂದ ಕಾಯಂ ಹುದ್ದೆಗೆ ಕರೆ ಬಂದಿತ್ತು. ಸೋಮವಾರ ಆಡಳಿತ ಮಂಡಳಿಯವರ ಎದುರಿನಲ್ಲಿ ಒಂದು ಪಾಠ ಮಾಡಿ ತೋರಿಸಬೇಕು, ಅದನ್ನು ಕಂಪ್ಯೂಟರ್ ಬಳಸಿ ಮಾಡಬೇಕು ಎಂಬುದು ಅವರ ನಿಬಂಧನೆ. ನಾನು ಜನಪದ ಗೀತೆಯ ಪಾಠವನ್ನು ಆರಿಸಿಕೊಂಡಿದ್ದೆ. ನಮ್ಮವ್ವ ಸುತ್ತಲಿನ ಹಳ್ಳಿಗಳ ಮದುವೆಗಳಲ್ಲಿ ಸೋಬಾನೆ ಪದ ಹೇಳುವವಳು. ಎಂ.ಎ. ಓದುವಾಗ ಅವಳ ಪದಗಳನ್ನು ರೆಕಾರ್ಡ್ ಮಾಡಿ ಸಿ.ಡಿ.ಯಲ್ಲಿ ಇಟ್ಟುಕೊಂಡಿದ್ದೆ. ಆ ದನಿಯನ್ನು ಕೇಳಿಸಿಯೇ ಪಾಠವನ್ನು ಆರಂಭಿಸಬೇಕೆಂಬುದು ನನ್ನ ಆಸೆ.

ಅದಕ್ಕಾಗಿಯೇ ಹೊಸ ಲ್ಯಾಪ್‌ಟಾಪ್ ಕೊಂಡೆ. ವಿಂಡೋಸ್ ಇಲ್ಲದ್ದು ಅಗ್ಗವೆಂದು ಅದನ್ನೇ ತಂದೆ. ಮನೆಯಲ್ಲಿ ಭಾವನವರ ಸಿ.ಡಿ. ಹಾಕಿ ವಿಂಡೋಸ್ ತುಂಬಲು ಕುಳಿತರೆ, ನೀಲಿ ಪರದೆಯ ಮೇಲೆ ‘ಈ ಕಂಪ್ಯೂಟರಿನಲ್ಲಿ ಹಾರ್ಡ್ ಡಿಸ್ಕ್ ಇಲ್ಲ’ ಎಂಬ ಅರ್ಥದ ಇಂಗ್ಲಿಷ್ ಸಾಲು ಮೂಡಿತು. ಕೊಂಡ ಅಂಗಡಿಗೆ ಓಡಿದೆ. ಅವರು, “ಕಂಪನಿಗೆ ಕಳಿಸ್ಬೇಕು ಮೇಡಂ, ಎರಡು ವಾರ ಆಗುತ್ತೆ” ಎಂದರು. ಬಸ್ ನಿಲ್ದಾಣಕ್ಕೆ ಹಿಂದಿರುಗುವಾಗ ಆ ಹಳದಿ ಬೋರ್ಡಿನತ್ತ ಬಾಣದ ಗುರುತು ತೋರಿಸುವ ಚೀಟಿ ಗೋಡೆಯ ಮೇಲೆ ಕಂಡಿತು.

“ಮಾನ್ಯರೇ, ಈ ಗಣಕದಲ್ಲಿ ಹಾರ್ಡ್ ಡಿಸ್ಕ್ ಇಲ್ಲವೆಂದು ಸೂಚನೆ ಬರುತ್ತಿದೆ” ಎಂದೆ. ಅಪರಿಚಿತರ ಮುಂದೆ ತಪ್ಪು ಮಾತನಾಡಿಬಿಡುವ ಹೆದರಿಕೆಯಲ್ಲಿ ನನ್ನ ನಾಲಿಗೆ ಹಾಗೆಯೇ ಹೊರಳುತ್ತಿತ್ತು.

ಮೋಹನಣ್ಣ ಕೈ ತೊಳೆದು ಒರೆಸಿಕೊಳ್ಳುತ್ತ ನನ್ನನ್ನು ನೋಡಿದರು. “ರೇಡಿಯೋದಾಗೆ ವಾರ್ತೆ ಓದ್ದಂಗೆ ಮಾತಾಡ್ತೀರಲ್ಲಮ್ಮ. ಕುತ್ಕಳಿ. ಇಲ್ಲ ಅಂತ ಯಾರು ಹೇಳಿದ್ದು?”

“ಅದೇ ಹೇಳಿತು.”

“ಅದಕ್ಕೆ ಕಾಣ್ತಿಲ್ಲ, ಅದ್ಕೇ ಇಲ್ಲ ಅಂತದೆ. ಇಲ್ಲ ಅನ್ನೋದೇ ಬೇರೆ, ಕಾಣ್ತಿಲ್ಲ ಅನ್ನೋದೇ ಬೇರೆ. ನಿಮ್ ಸಿ.ಡಿ. ಹಳೇದು, ಮಿಷನ್ನು ಹೊಸದು. ಹಳಬ್ರಿಗೆ ಹೊಸಬ್ರ ಗುರ್ತಿಲ್ಲ. ಗುರ್ತಿಲ್ಲ ಅಂದ್ಬುಟ್ರೆ ಮನುಷ್ಯ ಇಲ್ದಂಗಾಗ್ತಾನಾ?”

ಯಂತ್ರ ಶುರುವಾಗುವ ಗಳಿಗೆಯಲ್ಲಿ ಒಂದು ಗುಂಡಿ ಒತ್ತಿ ಒಳಗಿನ ಸೆಟ್ಟಿಂಗಿಗೆ ಹೋದರು; ಹೊಸ ಹಾರ್ಡ್ ಡಿಸ್ಕ್ ಹಳೆಯ ರೀತಿಯಲ್ಲಿ ಮಾತನಾಡುವಂತೆ ಒಂದು ಆಯ್ಕೆಯನ್ನು ಬದಲಿಸಿದರು. ಮತ್ತೆ ಅದೇ ಸಿ.ಡಿ. ಹಾಕಿದಾಗ ಇಲ್ಲದ ಹಾರ್ಡ್ ಡಿಸ್ಕ್ ಪರದೆಯ ಮೇಲೆ ಇತ್ತು. ನನಗೆ ಅಳು ಬಂದಂತಾಯಿತು. ಬಾಚಣಿಗೆ ಮಾತ್ರ ಹೊರಗೆ ಬರಲಿಲ್ಲ.

ಏಕೆಂದರೆ ವಿಂಡೋಸ್ ತುಂಬಿ ಮುಗಿದ ಮೇಲೆ ಲ್ಯಾಪ್‌ಟಾಪಿಗೆ ತನ್ನ ಭಾಗಗಳೇ ಗೊತ್ತಿರಲಿಲ್ಲ. ಚಿತ್ರಗಳು ಒಡೆದು ಕಾಣುತ್ತಿದ್ದವು. ಇಂಟರ್‌ನೆಟ್ ಇಲ್ಲ. ಸದ್ದಿಲ್ಲ. ಭಾಗಗಳ ಪಟ್ಟಿಯನ್ನು ತೆರೆದಾಗ ಸಾಲುಸಾಲಾಗಿ ಹಳದಿ ಪ್ರಶ್ನಾರ್ಥಕ ಚಿಹ್ನೆಗಳು ಕುಳಿತಿದ್ದವು. ಅಲ್ಲಿಯೇ ತನ್ನ ರಿಪೇರಿಗೆಂದು ಕಾದಿದ್ದ ಗಿರಾಕಿಯೊಬ್ಬ, “ಎಲ್ಲಾ ಅಳಿಸ್ಬುಟ್ಟು ಇನ್ನೊಂದ್ಸಲ ಹಾಕಿ ಅತ್ಲಾಗೆ” ಎಂದು ಸಲಹೆ ಕೊಟ್ಟ.

“ನೆಂಟ್ರ ಗುರ್ತು ಸಿಗ್ಲಿಲ್ಲ ಅಂತ ಮನೆನೇ ಕೆಡವ್ಬುಡದಾ?” ಎಂದರು ಮೋಹನಣ್ಣ. ಆಮೇಲೆ ಮೊದಲನೆಯ ಚಿಹ್ನೆಯ ಮೇಲೆ ಬಾಣವನ್ನಿಟ್ಟು, ಯಂತ್ರಕ್ಕೇ ಹೇಳುವಂತೆ ಮೆಲ್ಲಗೆ ಕೇಳಿದರು: “ಏನಪ್ಪಾ, ನೀನು ಯಾರ ಪೈಕಿ?”

ನಮ್ಮ ಕಡೆ ಹೊಸಬರು ಕಂಡರೆ ಊರು ಯಾವುದೆಂದು ಕೇಳಿದ ಮೇಲೆ ಎರಡನೆಯ ಪ್ರಶ್ನೆ ಅದೇ. ಯಾವ ಮನೆತನ, ಯಾವ ಜನ, ಯಾರ ನೆಂಟರು ಎಂಬುದನ್ನೆಲ್ಲ ಆ ಎರಡು ಪದಗಳು ಒಟ್ಟಿಗೆ ಕೇಳುತ್ತವೆ. ಅದಕ್ಕೆ ಉತ್ತರ ಕೊಟ್ಟ ಮೇಲೆ ಕೆಲವರ ದನಿ ಒಂದು ಮೆಟ್ಟಿಲು ಕೆಳಗಿಳಿಯುವುದನ್ನು ನಾನು ಚಿಕ್ಕಂದಿನಿಂದ ಬಲ್ಲೆ. ನಾನು ಅಷ್ಟು ಶುದ್ಧವಾಗಿ ಮಾತನಾಡಲು ಕಲಿತದ್ದು ಆ ಪ್ರಶ್ನೆಯನ್ನು ಆದಷ್ಟು ದೂರವಿಡುವುದಕ್ಕಾಗಿಯೇ ಇದ್ದೀತು.

ಮೋಹನಣ್ಣನವರ ಯಂತ್ರಗಳು ಆ ಪ್ರಶ್ನೆಗೆ ಅಳುಕದೆ ಉತ್ತರ ಕೊಡುತ್ತಿದ್ದವು. ಪ್ರತಿ ಭಾಗಕ್ಕೂ ಎರಡು ಸಂಖ್ಯೆಗಳಿರುತ್ತವೆ. “ಮೊದಲ್ನೇದು ಮನೆತನ, ಯಾವ್ ಕಂಪನಿ ಅಂತ. ಎರಡ್ನೇದು ಇವನ ಹೆಸ್ರು. ಎರಡೂ ಗೊತ್ತಾದ್ರೆ ಇವನ ಡ್ರೈವರ್ ಎಲ್ಲವ್ನೆ ಅಂತ ಹುಡುಕ್ಬೋದು.” ಅವರು ಸಂಖ್ಯೆಗಳನ್ನು ಓದಿ ಪಕ್ಕದ ಕಂಪ್ಯೂಟರಿನಲ್ಲಿ ಹುಡುಕುತ್ತಿದ್ದರು, ಸಿಕ್ಕಿದ್ದನ್ನು ಪೆನ್‌ಡ್ರೈವಿನಲ್ಲಿ ತಂದು ತುಂಬುತ್ತಿದ್ದರು. ಒಂದೊಂದು ಹಳದಿ ಚಿಹ್ನೆ ಅಳಿದಾಗಲೂ “ಬಂದ ನೋಡಿ” ಎನ್ನುತ್ತಿದ್ದರು. ಅವರ ಬಾಯಲ್ಲಿ ಡ್ರೈವರ್ ಎಂದೂ ‘ಬಂತು’ ಆಗಲಿಲ್ಲ. ಯಾವಾಗಲೂ ‘ಬಂದ’, ‘ಹೋದ’, ‘ಕೈ ಕೊಟ್ಟ’. ಬೋರ್ಡಿನಲ್ಲಿದ್ದದ್ದು ದೋಷವಲ್ಲವೆಂದು ನನಗೆ ಆಗ ಹೊಳೆಯಿತು.

ಅಷ್ಟರಲ್ಲಿ ಕೊಬ್ಬರಿ ವ್ಯಾಪಾರದ ಸಾಹುಕಾರರೊಬ್ಬರು ಬಂದು ನನ್ನ ಎದುರಿನ ಸ್ಟೂಲಿನ ಮೇಲೆ ಕುಳಿತರು. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಯಾವೂರಾಯ್ತಮ್ಮ?” ಎಂದರು. ಹೇಳಿದೆ. “ಓಹೋ. ಅಲ್ಲಿ ಯಾರ ಪೈಕಿ?”

ನಾನು ಉತ್ತರಿಸುವ ಮೊದಲೇ ಮೋಹನಣ್ಣ ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು: “ಅವ್ರು ಗಿರಾಕಿ ಪೈಕಿ ಸಾವ್ಕಾರ್ರೆ. ನೀವೂ ಅದೇ ಪೈಕಿ. ಟೀ ಕುಡೀತೀರಾ?”

ಸಾಹುಕಾರರು ನಕ್ಕರು. “ನಿನ್ ಬಾಯಿಗೊಂದು ಡ್ರೈವರ್ ಹಾಕ್ಬೇಕು ಕಣಯ್ಯ.”

“ಹಾಕಿದ್ರೆ ನಿಮ್ ಪ್ರಿಂಟರ್ ಯಾರು ನೋಡ್ತಾರೆ?”

ಅವರು ಹೋದ ಮೇಲೆ ಮೋಹನಣ್ಣ ನನ್ನತ್ತ ತಿರುಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಕೀಲಿಮಣೆ ಕುಟ್ಟುತ್ತಲೇ, “ಆ ಪ್ರಶ್ನೆ ಮಿಷನ್ನಿಗೆ ಕೇಳೋದು ಕಣಮ್ಮ. ಜನಕ್ಕೆ ಕೇಳಿದ್ರೆ ಏನ್ ರಿಪೇರಿ ಆಯ್ತದೆ?” ಎಂದರು, ಅಷ್ಟೇ.

ಸೋಮವಾರದ ಪಾಠದಲ್ಲಿ ಒಂದು ಪದ ಕೇಳಿಸಬೇಕೆಂದು ಅವರಿಗೆ ಹೇಳಿದ್ದೆ; ಸದ್ದು ಮಾತ್ರ ಬರಲಿಲ್ಲ. ಸೌಂಡಿನ ಡ್ರೈವರನ್ನು ಹಾಕಿದರು, ಒಪ್ಪಲಿಲ್ಲ. ತೆಗೆದು ಇನ್ನೊಂದನ್ನು ಹಾಕಿದರು, ಅದೂ ಒಪ್ಪಲಿಲ್ಲ. ಬಿಳಿ ಅಂಗಿಯ ತೋಳುಗಳು ಮೇಲೇರಿದವು. ಯಂತ್ರವನ್ನೂ ಅದರ ಕಂಪನಿಯನ್ನೂ ಬೈದರು. “ಮೇಡಮ್ಮೋರೆ, ಸೌಂಡ್ ಇಲ್ದೆ ನಡೆಯಲ್ವಾ? ಬಾಯಲ್ಲೇ ಹಾಡ್ಬುಡಿ” ಎಂದು ನನ್ನ ಮೇಲೂ ರೇಗಿದರು.

“ಅದು ನಮ್ಮವ್ವನ ದನಿ” ಎಂದೆ. “ನನ್ನ ದನಿಯಲ್ಲಿ ಅದು ಬರುವುದಿಲ್ಲ.”

ಅವರು ಹೊರಗೆ ಹೋಗಿ ಕಟಕಟೆಗೆ ಒರಗಿ ನಿಂತರು. ಕೆಳಗೆ ಕುಣಿಗಲ್ ಬಸ್ಸು ಹೊರಡುವ ಹೊತ್ತಾಗಿತ್ತು. ಜನ ತುಂಬಿದ್ದರು, ಕಂಡಕ್ಟರ್ ಸೀಟಿಯ ಮೇಲೆ ಸೀಟಿ ಊದುತ್ತಿದ್ದ, ಡ್ರೈವರ್ ಮಾತ್ರ ಬಂದಿರಲಿಲ್ಲ. ಯಾರೋ ಪ್ರಯಾಣಿಕರು, “ಬಸ್ ಡ್ರೈವರ್ ಎಲ್ ಸತ್ತೋದ್ನಪ್ಪ?” ಎಂದು ಕೂಗಿದರು.

ಮೋಹನಣ್ಣ ತಟ್ಟನೆ ತಿರುಗಿದರು. “ಅಯ್ಯೋ, ಬಸ್ ಡ್ರೈವರು ಕಣಮ್ಮ” ಎನ್ನುತ್ತ ಒಳಗೆ ಬಂದರು.

ನಾನು ಗಾಬರಿಯಿಂದ ನೋಡಿದೆ. ಸದ್ದಿನ ಭಾಗ ಒಂದು ದಾರಿಯ ಮೂಲಕ ಕಂಪ್ಯೂಟರಿಗೆ ಕೂಡಿಕೊಂಡಿರುತ್ತದೆಯಂತೆ. ಆ ದಾರಿಯ ಹೆಸರೇ ಬಸ್ಸು. ಮೊದಲು ಆ ಬಸ್ಸಿನ ಡ್ರೈವರನ್ನು ಕೂರಿಸದಿದ್ದರೆ ಸೌಂಡಿನ ಡ್ರೈವರ್ ಒಳಗೆ ಬರಲಾರ. “ಬಸ್ಸೇ ಹೊಂಟಿಲ್ಲ, ಇವನೆಲ್ಲಿಂದ ಬಂದಾನು. ಗೊತ್ತಿತ್ತು, ಮರ್ತೇಬುಟ್ಟಿದ್ದೆ” ಎಂದು ತಮ್ಮ ಹಣೆಯನ್ನು ತಾವೇ ತಟ್ಟಿಕೊಂಡರು.

ಬಸ್ಸಿನ ಡ್ರೈವರ್ ಬಂದ. ಅವನ ಹಿಂದೆಯೇ ಸೌಂಡಿನವನೂ ಬಂದ. ಸಿ.ಡಿ. ಹಾಕಿದೆವು. ಹಸೆಮಣೆಗೆ ಮದುಮಗಳನ್ನು ಕರೆಯುವ ಪದವನ್ನು ನಮ್ಮವ್ವ ಎತ್ತಿಕೊಂಡಳು. ಚಪ್ಪರದ ಆಚೆ ನಿಂತು ಹಾಡುವಾಗ ಅವಳ ದನಿ ಹೇಗೆ ಕೊನೆಯಲ್ಲಿ ತುಸು ಮೇಲಕ್ಕೆ ತಿರುಗುತ್ತಿತ್ತೋ ಹಾಗೆಯೇ ತಿರುಗಿತು. ಪಕ್ಕದ ಅಂಗಡಿಯ ದರ್ಜಿ ರಂಗಪ್ಪನವರು ಹೊಲಿಗೆ ನಿಲ್ಲಿಸಿ ಬಾಗಿಲಿಗೆ ಬಂದರು. ಪದ ಮುಗಿಯುವವರೆಗೆ ಮೋಹನಣ್ಣ ಅಲುಗಾಡಲಿಲ್ಲ. ಆಮೇಲೆ ಬಾಚಣಿಗೆ ಹೊರಗೆ ಬಂತು.

“ಇನ್ನೂ ಒಬ್ಬ ಉಳ್ಕಂಡವ್ನೆ” ಎಂದು ಪಟ್ಟಿಯ ಕೊನೆಯ ಹಳದಿ ಚಿಹ್ನೆಯನ್ನು ತೋರಿಸಿದರು. ಅದರ ಸಂಖ್ಯೆಗೆ ಎಲ್ಲಿಯೂ ಉತ್ತರ ಸಿಕ್ಕಿರಲಿಲ್ಲ. “ಇವನು ಯಾರ ಪೈಕಿ ಅಂತ ಬಾಯೇ ಬುಡ್ತಿಲ್ಲ. ನಿಮ್ ಕೆಲ್ಸಕ್ಕೇನೂ ಅಡ್ಡಿಯಿಲ್ಲ. ಮುಂದಿನ ಸಲ ಬನ್ನಿ, ಹಿಡೀತೀನಿ.”

ಸೋಮವಾರ ಕುಣಿಗಲ್ಲಿನಲ್ಲಿ ಮಂಡಳಿಯ ಹಿರಿಯರೊಬ್ಬರು ನನ್ನ ಹೆಸರು ಕೇಳಿದರು, ಊರು ಕೇಳಿದರು, ಕನ್ನಡಕದ ಮೇಲಿನಿಂದ ನೋಡುತ್ತ, “ಯಾರ ಪೈಕಿ ತಾಯಿ?” ಎಂದರು. ನಾನು ಲ್ಯಾಪ್‌ಟಾಪಿನ ಗುಂಡಿಯನ್ನು ಒತ್ತಿದೆ. ಪದದ ಒಂದು ನುಡಿ ಮುಗಿಯುವವರೆಗೆ ಕಾದೆ. ‘ನನ್ನ ತಾಯಿಯವರು’ ಎಂದು ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬಂದಿದ್ದೆ. ಬಾಯಿಗೆ ಬಂದದ್ದು ಬೇರೆ: “ಇದು ನಮ್ಮವ್ವ. ನಾನು ಇವಳ ಪೈಕಿ.”

ಆ ಹಿರಿಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಇನ್ನೊಂದು ನುಡಿ ಹಾಕಮ್ಮ” ಎಂದರು. ಹುದ್ದೆ ನನಗೆ ಸಿಕ್ಕಿತು.

ಅದಾದ ಮೇಲೆ ತುಮಕೂರಿಗೆ ಹೋದಾಗಲೆಲ್ಲ ಆ ಮೆಟ್ಟಿಲು ಹತ್ತುತ್ತಿದ್ದೆ. ಸಹೋದ್ಯೋಗಿಗಳ ಯಂತ್ರಗಳನ್ನು ಒಯ್ಯುತ್ತಿದ್ದೆ. ಒಯ್ಯಲು ಏನೂ ಇಲ್ಲದಿದ್ದರೆ ಸುಮ್ಮನೆ ಕುಳಿತು ಬರುತ್ತಿದ್ದೆ. ಮೋಹನಣ್ಣನವರ ಮುಂದೆ ನನ್ನ ಮಾತು ತಾನಾಗಿಯೇ ನಮ್ಮ ಹಳ್ಳಿಯ ಕಡೆಗೆ ತಿರುಗುತ್ತಿತ್ತು. ಆ ಒಂದು ಹಳದಿ ಚಿಹ್ನೆಯನ್ನು ಅಳಿಸಲು ಅವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಪ್ರತಿ ಸಲವೂ ಹೊಸ ಉಪಾಯ, ಹೊಸ ಬೈಗುಳ.

ಕಡೆಯ ಸಲ ಅವರನ್ನು ಕಂಡದ್ದು ಗುಬ್ಬಿಯ ಬಸ್ ನಿಲ್ದಾಣದಲ್ಲಿ. ಯಾರದೋ ಕಚೇರಿಯ ಪ್ರಿಂಟರ್ ನೋಡಿ ಹಿಂದಿರುಗುತ್ತಿದ್ದರು. ಅಂಗಿ ಅಷ್ಟೇ ಬೆಳ್ಳಗಿತ್ತು. ಒಳಗಿನ ಮೈ ಇಳಿದಿತ್ತು. ಸಕ್ಕರೆ ಕಾಯಿಲೆಯೆಂದು ಕೈಯಾಡಿಸಿ ಮಾತು ಬದಲಿಸಿದರು.

“ಅವನು ಹೆಂಗವ್ನೆ?” ಎಂದು ಕೇಳಿದರು.

“ಹಳದಿ ಗುರ್ತು ಹಾಕ್ಕಂಡು ಹಂಗೇ ಕುಂತವ್ನೆ ಅಣ್ಣ” ಎಂದೆ.

ಬಸ್ಸು ಬಂತು. ಅವರು ಕಿಟಕಿಯ ಪಕ್ಕ ಕುಳಿತು ಹೊರಗೆ ಬಾಗಿ ಹೇಳಿದರು: “ಇರ್ಲಿ ಬುಡಮ್ಮ. ಕೆಲ್ಸ ನಿಂತಿಲ್ವಲ್ಲ. ಎಲ್ಲಾರ ಪೈಕಿನೂ ತಿಳ್ಕಂಡು ನಾವೇನ್ ಮಾಡ್ಬೇಕು.”

ಮುಂದಿನ ಸಲ ನಾನು ಮೆಟ್ಟಿಲು ಹತ್ತಿದಾಗ ಬಾಗಿಲು ಎಳೆದಿತ್ತು. ದರ್ಜಿ ರಂಗಪ್ಪನವರು ಹೊರಗೆ ಬಂದು ವಿಷಯ ತಿಳಿಸಿದರು. ಹಿಂದಿನ ತಿಂಗಳು, ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಮನೆಯವರು ಬಂದು ಸಾಮಾನುಗಳನ್ನೆಲ್ಲ ಸಾಗಿಸಿದ್ದರು. ಮೋಹನಣ್ಣನವರ ಊರು ಯಾವುದೆಂದು ಕೇಳಿದೆ.

“ಯಡಿಯೂರ್ ಕಡೆ ಅಂತ ಯಾರೋ ಅಂದ್ರು. ಸರ್ಯಾಗಿ ಗೊತ್ತಿಲ್ಲಮ್ಮ. ಇಷ್ಟ್ ವರ್ಷ ಪಕ್ಕದಾಗಿದ್ವಿ, ಅವ್ರೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ.”

ನಾನೂ ಕೇಳಿರಲಿಲ್ಲ. ಅವರೂ ನನ್ನನ್ನು ಕೇಳಿರಲಿಲ್ಲ.

ರಂಗಪ್ಪನವರು ತಮ್ಮ ಅಂಗಡಿಯ ಮೂಲೆಯಿಂದ ಹಳದಿ ತಗಡನ್ನು ಈಚೆಗೆಳೆದರು. “ಇದೊಂದು ಬುಟ್ಟೋಗವ್ರೆ. ಗುಜರಿಗೆ ಹಾಕಕ್ ಮನಸ್ ಬರ್ಲಿಲ್ಲ. ಅವ್ರ ಪೈಕಿ ಯಾರಾದ್ರೂ ಬಂದ್ರೆ ಕೊಡನ ಅಂತ ಇಟ್ಕಂಡಿದೀನಿ.” ತಲೆಯೆತ್ತಿ ನನ್ನನ್ನು ನೋಡಿದರು. “ನೀವು ಅವ್ರ ಪೈಕಿನಾಮ್ಮ?”

“ಹೂಂ” ಎಂದೆ. “ಅವರ ಪೈಕಿನೇ.”

ತಗಡಿನ ಒಂದು ತುದಿಯನ್ನು ಅವರು ಹಿಡಿದುಕೊಂಡರು, ಇನ್ನೊಂದನ್ನು ನಾನು. ಇಬ್ಬರೂ ಮೆಟ್ಟಿಲಿಳಿದೆವು.