ಕ್ರಾಕೋವಿನ ತಾಬೂತು

ಗಂಡ ತೀರಿಕೊಂಡ ಮೇಲೆ ತಿಕೋಟಾದಲ್ಲಿ ನನ್ನನ್ನು ಯಾರೂ ಬೈಯಲಿಲ್ಲ, ಮಾತಾಡಿಸಲೂ ಇಲ್ಲ. ಮಾಸ್ತರಿಕೆಯಾದರೂ ಕಲಿಯಲಿ ಎಂದು ಅಣ್ಣ ವಿಜಾಪುರಕ್ಕೆ ಕರೆತಂದ. ಅಲ್ಲಿಯೂ ಅತ್ತಿಗೆ ಊಟಕ್ಕೆ ಕರೆಯುವುದೊಂದು ಬಿಟ್ಟರೆ ಇಡೀ ದಿನ ಬಾಯಿಗೆ ಬೀಗ. ಹೀಗಾಗಿ ನಮ್ಮ ಮಾಳಿಗೆಯ ಕೋಣೆಗೆ ಪೋಲಂಡದ ನರ್ಸ್ ಒಬ್ಬಳು ಬಾಡಿಗೆಗೆ ಬಂದಾಗ ಅವಳ ಅರೆಬರೆ ಹಿಂದೂಸ್ತಾನಿಯೇ ನನಗೆ ಹಬ್ಬದೂಟವಾಯಿತು.

ಯುದ್ಧದಲ್ಲಿ ಊರು ಬಿಟ್ಟು, ಕೊಲ್ಹಾಪುರದ ಹತ್ತಿರ ಪೋಲಂಡದವರ ಬಿಡಾರ ಸೇರಿ, ಅಲ್ಲಿಂದ ನಮ್ಮೂರ ದವಾಖಾನೆಗೆ ಬಂದವಳು. ಅವಳ ಊರು ಕ್ರಾಕೋವ್. ಅಪ್ಪ ಅಲ್ಲಿನ ಹಳೆಯ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದರು. ವರ್ಷದ ಪಾಠ ಶುರುವಾಗುವ ದಿನ ಗುರುಗಳೆಲ್ಲ ನಿಲುವಂಗಿ ತೊಟ್ಟು ಬೀದಿಯಲ್ಲಿ ಸಾಲಾಗಿ ನಡೆಯುವುದು ಆ ಊರಿನ ಪದ್ಧತಿಯಂತೆ. ಜರ್ಮನರು ಬಂದ ವರ್ಷ ಸಭೆಯೆಂದು ಕರೆಸಿ ಆ ಗುರುಗಳನ್ನೆಲ್ಲ ಲಾರಿಗೆ ತುಂಬಿ ಒಯ್ದರು. ಅಪ್ಪ ಬದುಕಿದ್ದಾರೋ ಇಲ್ಲವೋ, ಅವಳಿಗೆ ಸುದ್ದಿಯೇ ಇಲ್ಲ. ಬಂದೇ ಬರುತ್ತಾರೆ ಎನ್ನುತ್ತಿದ್ದಳು. ನನಗೆ ನಂಬಿಕೆ ಇರಲಿಲ್ಲ, ಆದರೂ ಹೂಂಗುಟ್ಟುತ್ತಿದ್ದೆ.

ಕ್ರಾಕೋವಿನ ಗೌಂಡಿಗಳು ಚಳಿಗಾಲದಲ್ಲಿ ಕೈಗೆ ಕೆಲಸವಿಲ್ಲದಾಗ ಬಣ್ಣದ ಬೇಗಡೆಯಲ್ಲಿ ಊರಿನ ಗೋಪುರಗಳನ್ನು ಪುಟ್ಟದಾಗಿ ಕಟ್ಟಿ, ನಡುವೆ ಕೂಸು ಯೇಸುವನ್ನು ಮಲಗಿಸಿ, ಮನೆಮನೆಗೆ ಹೊತ್ತು ಹಾಡುತ್ತಿದ್ದರಂತೆ. ಅಪ್ಪ ಮಗಳು ಕೂಡಿ ಪ್ರತಿವರ್ಷ ಅಂಥದೊಂದನ್ನು ಕಟ್ಟುತ್ತಿದ್ದರು. ಅವರು ಬರುವವರೆಗೆ ಅದು ತಪ್ಪಬಾರದೆಂದು ಅವಳ ಹಟ. ಆ ವರ್ಷ ಕ್ರಿಸ್‌ಮಸ್ಸೂ ಮೊಹರಮ್ಮೂ ಒಂದೇ ವಾರ ಬಂದಿದ್ದವು, ಪೇಟೆಯಲ್ಲಿ ಬೇಗಡೆಗೆ ಬರವಿರಲಿಲ್ಲ. ಮೊಹರಮ್ಮಿಗೆ ಹುತಾತ್ಮರ ಗೋರಿಯ ಆಕಾರದಲ್ಲಿ ಬೇಗಡೆಯ ತಾಬೂತು ಕಟ್ಟುವ ನಮ್ಮ ಓಣಿಯ ಮುದುಕರು, ನಮಗೆಲ್ಲ ಚಾಚಾ, ಬಿದಿರು ಸೀಳಿ ಕೊಟ್ಟರು.

"ಇದು ಯಾರ ಹೆಸರಿಲೆ ಬಾಯಿ?" ಎಂದು ಕೇಳಿದರು.

"ಅಪ್ಪನ ಹೆಸರಿನಲ್ಲಿ," ಎಂದಳು.

ಕಟ್ಟಿ ಮುಗಿಸಿ ಪಡಸಾಲೆಯಲ್ಲಿ ಇಟ್ಟಾಗ ನನ್ನ ಅತ್ತಿಗೆಯೂ ಬಾಯಿಬಿಟ್ಟು ನೋಡಿದಳು.

ಮೊಹರಮ್ಮಿನ ಕೊನೆಯ ದಿನ ನಾನು ಬಬಲೇಶ್ವರಕ್ಕೆ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಸಂಜೆ ಮರಳಿದಾಗ ಅವಳೂ ಕೆಲಸ ಮುಗಿಸಿ ಬಂದಳು. ಪಡಸಾಲೆ ಖಾಲಿ. ಚಾಚಾ ಕಟ್ಟೆಯ ಮೇಲೆ ಕಾಯುತ್ತ ಕೂತಿದ್ದರು.

"ಕಡೀ ದಿನಾ ತಾಬೂತ ಮನ್ಯಾಗ ಉಳೀಬಾರದ್ರಿ ಬಾಯಿ. ನೀವು ದವಾಖಾನ್ಯಾಗ ಇದ್ರಿ. ಒಳಗ ಕೂಸು ಐತಿ, ಕರ್ಬಲಾದ ಕಾಳಗದಾಗ ಬಾಣ ತಾಗಿ ಸತ್ತ ಕೂಸ ಅಂದ್ಕೊಂಡ್ವಿ. ನಮ್ಮ ತಾಬೂತಿನ ಮುಂದ ನಿಮ್ಮದ ಹೊತ್ತು ಬಾವಡಿ ನೀರಿಗೆ ಬಿಟ್ಟೇವ್ರಿ."

ಅವರು ಅದನ್ನು ಒಯ್ಯುವಾಗ ತಡೆಯದೆ ಕಂಬದ ಹಾಗೆ ನಿಂತು ನೋಡಿದ ಅಣ್ಣನ ಮೇಲೆ ಸಿಟ್ಟು ನೆತ್ತಿಗೇರಿತು. ಅವಳು ಮಾತ್ರ ಮೆಲ್ಲಗೆ ಕೇಳಿದಳು, "ಹಿಂದೆ ಯಾರಾದರೂ ನಡೆದರಾ?"

"ಓಣಿಗೆ ಓಣೀನ ನಡದೈತ್ರಿ. ಹೆಣ್ಮಕ್ಕಳು ಅತ್ತಾರ. ನಿಮ್ಮಪ್ಪನ ಹೆಸರಿಲೆ ಅಂದಿದ್ರಲ್ಲ, ಸತ್ತವರಿಗೆ ಓದೂ ಫಾತಿಹಾ ನಾನ ಓದೇನಿ."

ಅವಳು ಎರಡೂ ಕೈಯಿಂದ ಚಾಚಾನ ಕೈ ಹಿಡಿದುಕೊಂಡಳು. ಆಮೇಲೆ ಮಾಳಿಗೆ ಹತ್ತಿ ಬಾಗಿಲು ಹಾಕಿಕೊಂಡಳು.

ಬೆಳಿಗ್ಗೆ ಅವಳು ಇಳಿದು ಬಂದಾಗ, ಅವರಲ್ಲಿ ಸತ್ತವರಿಗಾಗಿ ಧರಿಸುವ ಕಪ್ಪು ಪಟ್ಟಿ ತೋಳಿನ ಮೇಲಿತ್ತು. ನನಗೆ ಗಂಡನ ಹೆಣದ ಹಿಂದೆ ಹೋಗಗೊಟ್ಟಿರಲಿಲ್ಲ. ಅಂದು ಯಾರನ್ನೂ ಕೇಳದೆ ಸೆರಗು ಹೊದ್ದು, ದವಾಖಾನೆಯವರೆಗೂ ಅವಳ ಹಿಂದೆ ನಡೆದೆ.