ಅಡುಗೆಯವಳ ಮಗಳಿಗೆ ಮೊದಲ ತಟ್ಟೆ

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಸೌಟಕ್ಕ ಎಂದು. ಮದುವೆಗೂ ಮುಂಚಿನಿಂದ ಅದೇ ಒಲೆಯ ಮುಂದೆ ನಿಂತವಳು. ಕೋಪ ಮಾತ್ರ ಸದಾ ಮೂಗಿನ ತುದಿಯಲ್ಲಿ. ಅನ್ನ ಮೆತ್ತಗಾಯಿತೆಂದು ಯಾರಾದರೂ ಗೊಣಗಿದರೆ, "ನಿನ್ನ ಹಲ್ಲಿಗೆ ಇವತ್ತು ರಜ ಕೊಟ್ಟಿದೀನಿ, ನುಂಗು" ಎನ್ನುವಳು. ಅವರೂ ನಕ್ಕು ನುಂಗುತ್ತಿದ್ದರು.

ಬಡಿಸುವವರು ನಮ್ಮವರಾದರೆ ಎಲ್ಲಿ ಕೂತರೇನು ಎಂಬ ಗಾದೆ ಇದೆಯಲ್ಲ, ಅದನ್ನು ಕಟ್ಟಿದ ಮಹಾರಾಯ ಬಡಿಸುವವಳ ತಟ್ಟೆ ನೋಡಿದವನಲ್ಲ. ಆ ಕ್ಯಾಂಟೀನಿನಲ್ಲಿ ಅಡುಗೆಯವರ ಪಾಲಿಗೆಂದು ಅಕ್ಕಿ ಅಳೆಯುವ ಪದ್ಧತಿಯೇ ಇರಲಿಲ್ಲ. ಉಪ್ಪು ಖಾರ ನೋಡುತ್ತಲೇ ಅವರ ಹೊಟ್ಟೆ ತುಂಬಿರುತ್ತದೆ ಎಂದು ಎಲ್ಲರ ನಂಬಿಕೆ. ಸೌಟಕ್ಕನೂ ಹಾಗೇ ನಂಬಿದ್ದಳು. ಬಸುರಿಯಾಗಿದ್ದಾಗಲೂ ಕೊನೆಗೆ ತಳ ಉಳಿದರೆ ಕೆರೆದು ತಿನ್ನುವಳು, ಇಲ್ಲದಿದ್ದರೆ ಅಂಗೈಗೆ ಎರಡು ಹನಿ ಸಾರು ಬಿಟ್ಟುಕೊಂಡು ನೆಕ್ಕಿ, "ನಂದಾಯ್ತು" ಅನ್ನುತ್ತಿದ್ದಳು. ಹುಟ್ಟಿದ ಮಗಳು ಪುಟ್ಟ ಇಲಿಮರಿಯ ಹಾಗಿದ್ದಳು. ಆಮೇಲೆ ಎಷ್ಟು ತಿನ್ನಿಸಿದರೂ ಎತ್ತರವಾಗಲಿಲ್ಲ. ಅಪ್ಪ ಬಾಗಿಲಿಗೆ ತಲೆ ತಾಗಿಸಿಕೊಳ್ಳುವಷ್ಟು ಉದ್ದ, ಮಗಳು ಮಾತ್ರ ಕುಳ್ಳಿ. ಅವಳ ಹೆಸರೂ ಅದೇ ಆಗಿ ನಿಂತಿತು.

ಈಗ ಕುಳ್ಳಿಯೂ ಅದೇ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಾಳೆ. ಬಸುರಿ ಬೇರೆ. ಸೌಟಕ್ಕ ಅವಳನ್ನು ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರಮ್ಮ ಪರೀಕ್ಷೆ ಮಾಡಿ, ತಾಯಿ ಮಗಳು ಇಬ್ಬರ ಊಟದ ಕತೆಯನ್ನೂ ಕೇಳಿ, ಮಗು ಬೆಳೆಯಬೇಕಾದಷ್ಟು ಬೆಳೆದಿಲ್ಲ ಅಂದುಬಿಟ್ಟರು.

"ಅಪ್ಪ ಅಮ್ಮನಿಂದ ಬಂದ ಜೀನು ಹಾಗೇ ಇರುತ್ತಮ್ಮ. ಆದ್ರೆ ತಾಯಿಗೆ ಊಟ ಸಾಲ್ದಿದ್ರೆ ಅದರ ಮೇಲೆ ಗುರುತು ಬೀಳ್ಬಹುದು. ಬೆಳೆಸೋ ಜೀನು ಸ್ವಲ್ಪ ಸುಮ್ನಾಗ್ಬಿಡುತ್ತೆ. ಹುಟ್ಟಿದ ಮೇಲೂ ಆ ಗುರುತು ಉಳೀಬಹುದು. ಇವಳು ಗಿಡ್ಡ ಆಗಿರೋದಕ್ಕೂ ಅದೇ ಕಾರಣ ಇದ್ರೂ ಇರಬಹುದು, ಖಚಿತವಾಗಿ ಹೇಳಕ್ಕಾಗಲ್ಲ. ನೀವು ಆಗ ಸರಿಯಾಗಿ ಊಟ ಮಾಡ್ಬೇಕಿತ್ತು."

ಸೌಟಕ್ಕನ ಪಿತ್ತ ನೆತ್ತಿಗೇರಿತು. "ನಾನು ಮಾಡ್ಬೇಕಿತ್ತಾ? ಅಷ್ಟು ಜನಕ್ಕೆ ಬೇಯಿಸಿ ಹಾಕಿದ್ದೂ ನಾನೇ, ತಪ್ಪೂ ನಂದೇನಾ? ನನಗೊಂದು ತಟ್ಟೆ ಇಡದೇ ಇದ್ದೋರನ್ನ ಯಾರು ಕೇಳ್ತಾರೆ?"

"ಕೇಳ್ಬೇಕಾದ ಮಾತೇ," ಅಂದರು ಡಾಕ್ಟರಮ್ಮ. "ನಾನು ಹಾಗೆ ಹೇಳ್ಬಾರದಿತ್ತು. ಈಗ ಇವಳಿಗೆ ಹೊಟ್ಟೆ ತುಂಬ ಊಟ ಸಿಗ್ಲಿ. ಕಾಲ ಇನ್ನೂ ಮಿಂಚಿಲ್ಲ."

ಬಸ್ಸಿನಲ್ಲಿ ಸೌಟಕ್ಕ ಕಿಟಕಿಯ ಕಡೆ ತಿರುಗಿ ಅತ್ತಳು. ಮಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಉಪವಾಸ ಕೆಡವಿದೆನಲ್ಲ ಎಂದು ತನ್ನನ್ನೇ ಹಳಿದುಕೊಂಡಳು. ಅಳು ಮುಗಿದ ಮೇಲೆ ಉಳಿದದ್ದು ಸಿಟ್ಟು.

ಮರುದಿನ ಮಧ್ಯಾಹ್ನ ಗಂಟೆ ಹೊಡೆಯಿತು. ಕೆಲಸಗಾರರು ಸಾಲುಗಟ್ಟಿದರು. ಸೌಟಕ್ಕ ಮೊದಲ ತಟ್ಟೆಗೆ ಅನ್ನ, ಕಾಳು, ಸೊಪ್ಪು, ಮೊಟ್ಟೆ ಹಾಕಿ ಎಲ್ಲರ ಎದುರೇ ಬೆಂಚಿನ ಮೇಲಿಟ್ಟು, ಕುಳ್ಳಿಯನ್ನು ರಟ್ಟೆ ಹಿಡಿದು ಕೂರಿಸಿದಳು.

ಮ್ಯಾನೇಜರ್ ಓಡಿ ಬಂದ. "ಏನಮ್ಮಾ ಇದು? ಅಡುಗೆಯವರು ಕೊನೇಲಿ ತಾನೇ ತಿನ್ನೋದು!"

"ಕೊನೇಲಿ ಏನುಳಿಯುತ್ತೆ ಸಾರ್? ಸೀದ ತಳ. ಅದನ್ನ ತಿಂದೇ ಇವಳನ್ನ ಹೆತ್ತಿದ್ದು. ನನ್ನ ಮೊಮ್ಮಗುಗೂ ಅದೇ ಗತೀನಾ? ಇವಳ ಊಟ ಆಗೋವರೆಗೂ ಈ ಸೌಟು ಮೇಲೇಳಲ್ಲ."

"ಹಂಗಾದ್ರೆ ನಾಳೆಯಿಂದ ಇಬ್ರೂ ಬರೋದು ಬೇಡ."

"ನಾಳೆ ಮಾತು ನಾಳೆಗೆ. ಇವತ್ತು ಉಣ್ಣಲಿ."

ಸಾಲಿನಲ್ಲಿ ಗುಸುಗುಸು. ಹಿಂದಿನಿಂದ ಒಬ್ಬ, "ನಮಗೂ ಹಸಿವಮ್ಮಾ!" ಎಂದು ಕೂಗಿದ. ಅವನ ಮುಂದಿದ್ದ ಮುದುಕ, "ಬಾಯ್ಮುಚ್ಚೋ, ಬಸುರಿ ಉಣ್ತಾ ಅವಳೆ" ಎಂದು ಗದರಿದ.

ಕುಳ್ಳಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಹುಟ್ಟಿದಾಗಿನಿಂದ ಯಾರನ್ನೂ ಒಂದು ತುತ್ತು ಹೆಚ್ಚಿಗೆ ಕೇಳಿದವಳಲ್ಲ. ಮೊದಮೊದಲು ಅಗುಳು ಅಗುಳಾಗಿ ಆರಿಸಿದಳು. ಆಮೇಲೆ ಗಬಗಬನೆ ಉಂಡಳು. ಮ್ಯಾನೇಜರ್ ಗಡಿಯಾರ ನೋಡುತ್ತಾ ನಿಂತೇ ಇದ್ದ.

ತಟ್ಟೆ ಖಾಲಿಯಾಯಿತು. ಸೌಟಕ್ಕ ಸಾಲಿನ ಕಡೆ ತಿರುಗುವಷ್ಟರಲ್ಲಿ ಕುಳ್ಳಿ ಎದ್ದು ಬಂದು, ಮ್ಯಾನೇಜರನ ಮುಖವನ್ನೇ ನೋಡುತ್ತಾ ಅಮ್ಮನತ್ತ ತಟ್ಟೆ ಚಾಚಿದಳು.

"ಸಾಲ್ದಮ್ಮ. ಇನ್ನೊಂದ್ಸಲ ಹಾಕು."